ಅವರು ಆಯ್ತು ಅಂದರು

ಜನವರಿ 9

ಪ್ರೀತಿಯ ಗಿಲಕಿ,

ನಿನ್ನ ಫೋನ್ ತೆಗೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಪಾಲಿಶ್ ಮೆಷಿನ್ನಿನ ಮುಂದೆ ಕೂತರೆ ಫೋನ್ ಹೊಡೆದುಕೊಂಡದ್ದೇ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಬಾಯಲ್ಲಿ ಮಾತು ಉಳಿದಿರುವುದಿಲ್ಲ.

ನಿಮ್ಮಣ್ಣನನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆ. ಬಲಗೈ ಬಲಗಾಲು ಇನ್ನೂ ಹೇಳಿದ ಮಾತು ಕೇಳುತ್ತಿಲ್ಲ. ಎಡಗೈ ಚೆನ್ನಾಗಿದೆ. ಸ್ಟ್ರೋಕ್ ಮಾತನ್ನೆಲ್ಲ ತೆಗೆದುಕೊಂಡು ಹೋಗಿದೆ, ಒಂದೇ ಒಂದನ್ನು ಬಿಟ್ಟು: "ಆಯ್ತು." ನೀರು ಬೇಕಾ ಅಂದರೂ ಆಯ್ತು, ಬೇಡವಾ ಅಂದರೂ ಆಯ್ತು. ತಲೆ ಅಲ್ಲಾಡಿಸುವುದನ್ನೂ ನಂಬುವ ಹಾಗಿಲ್ಲ, ಹೌದಿಗೂ ಅಲ್ಲಕ್ಕೂ ಒಂದೇ ಥರ ಅಲ್ಲಾಡುತ್ತದೆ. ಬಟ್ಟೆ ಅಂಗಡಿಯಲ್ಲಿ, ಒಂದು ಕರವಸ್ತ್ರಕ್ಕೆಂದು ಬಂದವರಿಗೆ ಇಡೀ ಮನೆಯ ಕಿಟಕಿ ಪರದೆ ಮಾರಿ ಕಳಿಸುತ್ತಿದ್ದ ಮನುಷ್ಯ ಇವರು.

ಮಾತಿನ ಡಾಕ್ಟರು ಒಂದು ವಿಷಯ ಹೇಳಿದರು. "ಮನೆಯವರಿಂದ ಕಾಗದ ಬಂದ್ರೆ ಗಟ್ಟಿಯಾಗಿ ಓದಿ ಹೇಳಿ. ಹಳೇ ಮಾತಿನ ಧಾಟಿ ಕಿವಿಗೆ ಬೀಳ್ತಿರ್ಲಿ." ಆದ್ದರಿಂದ ನೀನು ಬರೆಯುತ್ತಿರಬೇಕು. ಅವರ ಕಿವಿಗೆ ಬೀಳಬಾರದ್ದು ಏನಾದರೂ ಇದ್ದರೆ ಬೇರೆ ಹಾಳೆಯಲ್ಲಿ ಬರೆದು, ಮಡಿಸಿ, ಮೇಲೆ "ಅತ್ತಿಗೆಗೆ" ಎಂದು ಹಾಕು.

ನಾನು ಕೆಲಸಕ್ಕೆ ವಾಪಸು ಹೋಗುತ್ತಿದ್ದೇನೆ. ಮಧ್ಯಾಹ್ನ ಬಿಡುವಾದರೆ ಓಡಿ ಬಂದು ಊಟ ಮಾಡಿಸಿ ಹೋಗುತ್ತೇನೆ. ಬರಲಾಗದ ದಿನ ಕೆಳಗಿನ ಮನೆಯ ಟೈಲರಮ್ಮ ತಮ್ಮ ಅಡುಗೆಯನ್ನೇ ತಂದು ಬಡಿಸುತ್ತಾರೆ. ಒಂದು ಬೀಗದ ಕೈ ಅವರ ಹತ್ತಿರ ಇದೆ. ಎಲ್ಲ ಹೇಗೋ ನಡೆಯುತ್ತಿದೆ. ನೀನು ಚಿಂತೆ ಮಾಡಬೇಡ.

ನಿನ್ನ ಅತ್ತಿಗೆ

~

ಜನವರಿ 21

ಅಣ್ಣಾ, ಕೇಳಿಸ್ತಿದೆಯಾ? ನಾನು, ಗಿಲಕಿ.

ಚಿಕ್ಕಂದಿನಲ್ಲಿ ನನ್ನ ಬಾಯಿ ಮುಚ್ಚಿಸೋಕೆ ನೀನು ಏನೇನು ಮಾಡಿದೆ ನೆನಪಿದೆಯಾ? ಪೆಪ್ಪರಮಿಂಟು ಕೊಟ್ಟೆ, ತಲೆಗೆ ಮೊಟಕಿದೆ, ಕೊನೆಗೆ ಗಿಲಕಿ ಅಂತ ಹೆಸರಿಟ್ಟು ಊರಿಗೆಲ್ಲ ಹಂಚಿದೆ. ಈಗ ನೋಡು, ನಾನು ಗಲಗಲ ಅಂತಾನೇ ಇರ್ತೀನಿ, ನೀನು ಆಯ್ತು ಆಯ್ತು ಅಂತ ಕೂತಿರಬೇಕು.

ಇಲ್ಲಿ ನಾನು ಕೆಲಸ ಮಾಡೋ ವೃದ್ಧರ ಹೋಮಿನಲ್ಲಿ ಒಬ್ಬ ತಾತ ದಿನಾ ಬೆಳಿಗ್ಗೆ "ನೀನು ಹೊಸಬಳಾ?" ಅಂತ ಕೇಳ್ತಾರೆ. ಹೌದು ತಾತ ಅಂತೀನಿ. "ಪರವಾಗಿಲ್ಲ, ಕಲೀತೀಯ" ಅಂತ ಧೈರ್ಯ ಹೇಳ್ತಾರೆ. ಇಷ್ಟು ವರ್ಷ ಆದ್ಮೇಲೂ ನಂಗೆ ದಿನಾ ಧೈರ್ಯ ಹೇಳೋ ಜನ ಇದ್ದಾರೆ, ನಿಂಗೆ ಇದ್ದಾರಾ? ಅತ್ತಿಗೆ ಕೈಲಿ ಬೈಸ್ಕೊಳ್ಳದೆ ಕಾಲು ಆಡಿಸು.

ನಿನ್ನ ಗಿಲಕಿ

(ಮಡಿಸಿದ ಹಾಳೆ. ಅತ್ತಿಗೆಗೆ.)

ಅತ್ತಿಗೆ, ಮಲಗಿದಲ್ಲೇ ಬಿಡಬೇಡಿ, ಆಗಾಗ ಮಗ್ಗುಲು ಬದಲಿಸಿ. ಹಿಮ್ಮಡಿ ಕೆಳಗೆ ಬಟ್ಟೆ ಸುತ್ತಿ ಇಡಿ. ನೀರು ಕುಡಿಸುವಾಗ ಗದ್ದ ಎದೆ ಕಡೆ ಬಾಗಿರಲಿ. ಚಮಚ ಎಡಗೈಗೇ ಕೊಡಿ, ಚೆಲ್ಲಿದ್ರೆ ಚೆಲ್ಲಲಿ. ನಾನು ಇಲ್ಲಿ ದಿನಾ ಮಾಡೋ ಕೆಲಸ, ಅದಕ್ಕೇ ಹೇಳ್ತಿದೀನಿ.

ಆ ಆಯ್ತು ಬಗ್ಗೆ ನೀವು ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಫೋನಲ್ಲಿ ಕೇಳಿದ ತಕ್ಷಣ ಯಾವುದು ಯಾವ ಆಯ್ತು ಅಂತ ನಂಗೆ ಗೊತ್ತಾಯ್ತು. ಒಂದೇ ತಟ್ಟೇಲಿ ಉಂಡು ಬೆಳೆದೋರಲ್ವಾ ನಾವು.

~

ಫೆಬ್ರವರಿ 8

ಗಿಲಕಿ,

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ತಾತನ ವಿಷಯಕ್ಕೆ ನಕ್ಕರು. ಎಡಗಡೆ ಮಾತ್ರ ನಗುತ್ತದೆ, ಆದರೂ ನಗು.

ಬುದ್ಧಿಮಾತಿನ ಹಾಳೆಯನ್ನೂ ಓದಿಕೊಂಡೆ. ಎಲ್ಲವೂ ಸರಿಯಾದ ಮಾತು. ಹಿಮ್ಮಡಿಯ ಕೆಳಗೆ ಬಟ್ಟೆ ಇಡುವುದು ನನಗೆ ಗೊತ್ತಿರಲಿಲ್ಲ. ಆದರೂ ಸಿಟ್ಟು ಬಂತು. ಏಕೆ ಬಂತೆಂದು ಪಾತ್ರೆ ತೊಳೆಯುವಾಗ ಯೋಚಿಸಿದೆ. ನೀನು ಇದೇ ಕೆಲಸಕ್ಕೆ ಸಂಬಳ ಪಡೆಯುತ್ತೀಯ ಎಂದಲ್ಲ. ನಿನಗೆ ಡ್ಯೂಟಿ ಮುಗಿಯುವ ಗಂಟೆ ಒಂದಿದೆ. ನನ್ನ ಹೊಟ್ಟೆಕಿಚ್ಚು ಆ ಗಂಟೆಯ ಮೇಲೆ.

ಒಂದು ಸುದ್ದಿ. ನಮ್ಮ ಮೇಸ್ತ್ರಿಗೆ ಕಣ್ಣು ಮಂಜಾಗಿದೆ, ಕೆಲಸ ಬಿಡುತ್ತಿದ್ದಾರೆ. ಅವರ ಮೇಜು ನನಗೆ ಕೊಡುವುದಾಗಿ ಲ್ಯಾಬಿನ ಯಜಮಾನರು ಹೇಳಿದ್ದಾರೆ. ಇಷ್ಟು ವರ್ಷ ಬೇರೆಯವರು ಜೋಡಿಸಿದ ಹಲ್ಲಿನ ಸೆಟ್ಟುಗಳಿಗೆ ನಾನು ಪಾಲಿಶ್ ಹಾಕಿದ್ದೇ ಹೆಚ್ಚು. ಇನ್ನು ಮೇಣದಲ್ಲಿ ಹಲ್ಲು ಜೋಡಿಸುವುದು ನನ್ನ ಕೆಲಸ. ಎಲ್ಲ ಹಲ್ಲನ್ನೂ ಒಂದೇ ಸಾಲಿಗೆ ಇಟ್ಟರೆ ನಗು ಸುಳ್ಳಾಗಿ ಕಾಣುತ್ತದೆ. ಒಂದನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಯಾವುದನ್ನು, ಎಷ್ಟು ಎಂಬುದು ಆ ಬಾಯಿಯ ಅಚ್ಚು ನೋಡಿ, ಮುಖ ಊಹಿಸಿ ತಿಳಿಯಬೇಕು. ಮೇಸ್ತ್ರಿ ಅಂದರು, "ಇದು ಹೇಳಿ ಕೊಡೋದಲ್ಲಮ್ಮ, ನಿಂಗೆ ಮೊದಲೇ ಬರುತ್ತೆ. ಇಷ್ಟು ದಿನ ನಾನೇ ಅಡ್ಡ ಕೂತಿದ್ದೆ ಅಷ್ಟೇ."

ಈಗ ಅವರ ಪಕ್ಕ ಕೂತು ಅಭ್ಯಾಸ ಮಾಡುತ್ತಿದ್ದೇನೆ. ಹಾಗಾಗಿ ಮಧ್ಯಾಹ್ನ ಮನೆಗೆ ಬರುವುದು ಅಪರೂಪ. ತೊಂದರೆಯೇನಿಲ್ಲ, ಟೈಲರಮ್ಮ ಇದ್ದಾರೆ. ಸಂಜೆ ಬಂದಾಗ ನಿಮ್ಮಣ್ಣನಿಗೆ ಒಳ್ಳೆಯ ಹಸಿವು, ತಟ್ಟೆ ಬಳಿದು ಉಣ್ಣುತ್ತಾರೆ. ಪ್ಯಾಂಟು ಸೊಂಟದಲ್ಲಿ ಸಡಿಲವಾಗಿದೆ. ವ್ಯಾಯಾಮ ಹಿಡಿಸುತ್ತಿದೆ ಎಂದು ಕಾಣುತ್ತದೆ.

ಅತ್ತಿಗೆ

~

ಫೆಬ್ರವರಿ 17

ಅಣ್ಣಾ, ನಿನ್ನ ಹೆಂಡತಿ ಮೇಸ್ತ್ರಿ ಆಗ್ತಿದ್ದಾಳಂತೆ! ಇನ್ನು ಮನೇಲಿ ನೀನು ಹಲ್ಲು ಕಿರಿಯೋ ಮುಂಚೆ ಅವಳ ಅಪ್ಪಣೆ ತಗೋಬೇಕು. ಅತ್ತಿಗೆ, ತುಂಬಾ ಖುಷಿಯಾಯ್ತು. ಇಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ತಾತ ಮಾತ್ರ "ನಂದು ಸ್ವಂತ ಹಲ್ಲು" ಅಂತ ಬಾಯಿ ತೆಗೆದು ತೋರಿಸಿದ್ರು. ಒಳಗೆ ಒಂದೇ ಒಂದಿತ್ತು.

ಹಸಿವು ಚೆನ್ನಾಗಿದ್ರೆ ಎಲ್ಲಾ ಚೆನ್ನಾಗಿದೆ ಅಂತ ಅರ್ಥ.

ಗಿಲಕಿ

~

ಮಾರ್ಚ್ 2

(ಇದು ಪೂರ್ತಿ ನಿನಗೆ.)

ಗಿಲಕಿ, ಬೈಯುವುದಿದ್ದರೆ ಬೈದು ಬರೆ. ಆದರೆ ಮಡಿಸಿದ ಹಾಳೆಯಲ್ಲಿ.

ಮಾತಿನ ಡಾಕ್ಟರು ಅವರನ್ನು ತೂಕದ ಮೆಷಿನ್ನಿನ ಮೇಲೆ ಕೂರಿಸಿ ನೋಡಿದರು. ಹಳೆಯ ತೂಕ ನೋಡಿ ಮತ್ತೆ ನನ್ನ ಮುಖ ನೋಡಿದರು. "ಏನಮ್ಮ, ಊಟ ಹಾಕ್ತಿಲ್ವಾ?" ತಮಾಷೆಗೇ ಅಂದದ್ದು. ಆದರೆ ನಾನು ಆಟೋದಲ್ಲಿ ಅವರ ಮಣಿಕಟ್ಟನ್ನು ಹಿಡಿದುಕೊಂಡೇ ಬಂದೆ, ನನ್ನ ಎರಡು ಬೆರಳಿನೊಳಗೆ ಬಂತು. ಸೀದಾ ಟೈಲರಮ್ಮನ ಬಾಗಿಲು ತಟ್ಟಿದೆ.

"ದಿನಾ ಹತ್ತಿ ಬಂದು ಕೇಳ್ತೀನಲ್ಲಮ್ಮಾ" ಅಂದರು. "ಬಾಗಿಲು ತೆಗೆದು, 'ಊಟ ಆಯ್ತಾ ಅಣ್ಣಾವ್ರೇ?' ಅಂತೀನಿ. 'ಆಯ್ತು' ಅಂತಾರೆ. ನೀವು ಬಂದು ಹೋಗಿದೀರ ಅಂದ್ಕೊಂಡು ಸುಮ್ಮನೆ ಇಳಿದು ಹೋಗ್ತೀನಿ."

"ಸಂಜೆ ನಾನು ಕೇಳಿದಾಗ ಊಟ ಆಯ್ತು ಅಂದ್ರಲ್ಲ ನೀವು?"

"ಅವರು ಆಯ್ತು ಅಂದ್ರು. ಅದಕ್ಕೇ ನಾನೂ ಆಯ್ತು ಅಂದೆ."

ನಾನು ಮಧ್ಯಾಹ್ನ ಬರುವುದನ್ನು ನಿಲ್ಲಿಸಿದ ದಿನದಿಂದ ಅವರು ಮಧ್ಯಾಹ್ನದ ಊಟ ಕಂಡಿಲ್ಲ. ಟೈಲರಮ್ಮ ಗೋಡೆಗೆ ಒರಗಿ ಅತ್ತರು. ನಾನು ಅವರನ್ನು ಸಮಾಧಾನ ಮಾಡಬೇಕಾಯಿತು, ನನಗೆ ಅಳಲು ಬಿಡುವೇ ಸಿಗಲಿಲ್ಲ. ಯಾರ ತಪ್ಪು ಹೇಳು? ಊಟ ಆಯ್ತಾ ಎಂದು ಕೇಳುವುದಕ್ಕಿಂತ ಪ್ರೀತಿಯ ಮಾತು ನಮ್ಮಲ್ಲಿ ಯಾವುದಿದೆ? ಆ ಮಾತೇ ಅವರನ್ನು ಉಪವಾಸ ಕೆಡವಿತು.

ಮೇಲೆ ಹೋಗಿ ಅನ್ನ ಕಲಸಿಕೊಟ್ಟೆ. ಉಂಡರು. "ಹಸಿವು ಅಂತ ಯಾಕೆ ಹೇಳ್ಲಿಲ್ಲ?" ಎಂದು ಗದರಿದೆ. ಎಂಥ ಪ್ರಶ್ನೆ ಕೇಳಿದೆ ನೋಡು. ಅದಕ್ಕೂ ಆಯ್ತು ಅಂದರು.

ಈಗ ಮತ್ತೆ ಮಧ್ಯಾಹ್ನ ಓಡಿ ಬರುತ್ತಿದ್ದೇನೆ. ಮೇಸ್ತ್ರಿಯ ಮೇಜಿನಲ್ಲಿ ಕೂತವರು ಹಾಗೆ ಎದ್ದು ಓಡುವಂತಿಲ್ಲ, ಮೇಣ ಆರಿಹೋಗುತ್ತದೆ. ಯಜಮಾನರು ಇನ್ನೂ ಏನೂ ಅಂದಿಲ್ಲ. ಗಡಿಯಾರ ನೋಡುತ್ತಾರೆ, ಅಷ್ಟೆ.

~

ಮಾರ್ಚ್ 10

(ಅತ್ತಿಗೆಗೆ.)

ಬೈದು ಎರಡು ಹಾಳೆ ಬರೆದಿದ್ದೆ ಅತ್ತಿಗೆ, ಹರಿದು ಹಾಕಿದೆ. ನಾನು ಅಲ್ಲಿದ್ದಿದ್ರೂ ಹಾಗೇ ಕೇಳ್ತಿದ್ದೆ, ಊಟ ಆಯ್ತಾ ಅಣ್ಣಾ ಅಂತ.

ಈಗ ನಾನು ಹೇಳೋದು ಕೇಳಿ. ಅಣ್ಣನ್ನ ಇಲ್ಲಿಗೆ ಕಳಿಸಿ. ಮ್ಯಾನೇಜರ್ ಹತ್ರ ಮಾತಾಡಿದೀನಿ, ನನ್ನ ಕಡೆಯವರು ಅಂತ ಖರ್ಚಲ್ಲೂ ರಿಯಾಯಿತಿ ಇದೆ. ಈ ತಿಂಗಳ ಕೊನೆಗೆ ಕಿಟಕಿ ಪಕ್ಕದ ಒಂದು ಹಾಸಿಗೆ ಖಾಲಿಯಾಗುತ್ತೆ. ಹೊತ್ತು ಹೊತ್ತಿಗೆ ಊಟ, ಡಾಕ್ಟರು, ವ್ಯಾಯಾಮ, ಮೇಲೆ ನಾನು ಬೇರೆ ಇರ್ತೀನಿ. ನೀವು ಮೇಜು ಬಿಡಬೇಡಿ ಅತ್ತಿಗೆ. ಮದುವೆಯಾಗಿ ಬಂದಾಗಿನಿಂದ ನೀವು ಏನನ್ನೂ ಬೇಕು ಅಂದಿದ್ದು ನಾನು ಕೇಳಿಲ್ಲ. ಆ ಕೂದಲೆಳೆ ವಿಷಯ ಬರೆದಿದ್ರಲ್ಲ, ಅದು ಬೇಕು ಅನ್ನೋ ಮಾತು.

ಅಣ್ಣನ್ನೇ ಕೇಳಿ. ಅವನು ಒಪ್ಪಿದ್ರೆ ಮಾತ್ರ.

~

ಮಾರ್ಚ್ 30

ಗಿಲಕಿ,

ಕೇಳಿದೆ. ಒಪ್ಪಿದರು.

ಸೂಟ್‌ಕೇಸಿನಲ್ಲಿ ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಇಟ್ಟಿದ್ದೇನೆ. ಒಂದೇ ಕೈಯಲ್ಲಿ ಹಾಕಿಕೊಳ್ಳಲೆಂದು ಶರ್ಟಿನ ಗುಂಡಿ ಕಿತ್ತು ಅಂಟುಪಟ್ಟಿ ಹೊಲಿದುಕೊಟ್ಟವರು ಟೈಲರಮ್ಮ. ಬೆಳಗಿನ ಕಾಫಿ ಬಿಸಿ ಆರಿರಬೇಕು. ನೀಲಿ ಹೊದಿಕೆ ಬಿಟ್ಟು ಬೇರೆ ಹೊದಿಸಿದರೆ ಒದ್ದು ತೆಗೆಯುತ್ತಾರೆ. ಅವರ ಎಡಗೈಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದೊಂದು ದವಡೆ ಹಲ್ಲು ಇರುತ್ತದೆ. ನಾನು ಕೆಲಸ ಕಲಿಯುವಾಗ ಅಭ್ಯಾಸಕ್ಕೆ ಕೆತ್ತಿದ ಮಾದರಿ. ಅದು ಅವರದು, ಯಾರೂ ಕಿತ್ತುಕೊಳ್ಳದಂತೆ ನೋಡಿಕೋ.

ಅತ್ತಿಗೆ

~

ಮೇ 2

ಅತ್ತಿಗೆ,

ತಡವಾಯ್ತು, ಇಲ್ಲಿ ಇಬ್ಬರು ರಜೆ ಹಾಕಿ ಎಲ್ಲರ ಡ್ಯೂಟಿ ನನ್ನ ತಲೆಗೆ ಕಟ್ಟಿದ್ರು. ಅಣ್ಣ ದಪ್ಪ ಆಗಿದ್ದಾನೆ, ಕೆನ್ನೆ ತುಂಬಿದೆ. ಹಿಡ್ಕೊಂಡ್ರೆ ಬಾಗಿಲವರೆಗೂ ನಡೀತಾನೆ. ಅವನಷ್ಟು ಒಳ್ಳೇ ಪೇಷಂಟ್ ಇಡೀ ಹೋಮಿನಲ್ಲಿ ಇಲ್ಲ ಅಂತ ಎಲ್ಲರಿಗೂ ಅಚ್ಚುಮೆಚ್ಚು. ಸ್ನಾನ ಮಾಡೋಣ್ವಾ ಸರ್? ಆಯ್ತು. ಲೈಟ್ ಆರಿಸ್ಲಾ ಸರ್? ಆಯ್ತು. "ಈ ಸರ್‌ನ ನೋಡಿ ಕಲೀರಿ" ಅಂತ ಪಕ್ಕದ ಹಾಸಿಗೆಯವರನ್ನ ಬೈತಾರೆ.

ಒಂದು ವಿಷಯ ನಿಮಗೆ ಮೊದಲೇ ಹೇಳಿರಲಿಲ್ಲ. ಅವನು ಬಂದ ದಿನದಿಂದ ನನ್ನನ್ನ ಬೇರೆ ವಾರ್ಡಿಗೆ ಹಾಕಿದ್ದಾರೆ. ಸ್ವಂತದವರ ಆರೈಕೆಗೆ ನಮ್ಮನ್ನ ಹಾಕಬಾರದು ಅಂತ ಇಲ್ಲಿ ನಿಯಮ. ಡ್ಯೂಟಿ ಮುಗಿದ ಮೇಲೆ ಹೋಗಿ ಕೂರ್ತೀನಿ, ಒಂದೊಂದ್ಸಲ ಕುರ್ಚಿಯಲ್ಲೇ ನಿದ್ದೆ ಹೋಗ್ತೀನಿ, ಅವನೇ ನನ್ನ ನೋಡ್ಕೊಂಡು ಕೂತಿರ್ತಾನೆ. ಮೊದಲೇ ಹೇಳಿದ್ರೆ ನೀವು ಕಳಿಸ್ತಿರಲಿಲ್ಲ.

ಅಂದ ಹಾಗೆ ಆ ಹಲ್ಲು ಏನತ್ತಿಗೆ? ಅದೊಂದು ದೊಡ್ಡ ಗಲಾಟೆ ಇಲ್ಲಿ. ಸ್ನಾನಕ್ಕೆ ಏಳಿ ಸರ್ ಅಂತ ಕೈ ಚಾಚಿದ್ರೆ ಬಾಯಲ್ಲಿ ಆಯ್ತು ಅಂತಾನೆ, ಮುಷ್ಟಿ ಮಾತ್ರ ಗಟ್ಟಿ. ಬೆರಳು ಬಿಳಿಚಿಕೊಳ್ಳೋ ಹಾಗೆ ಹಿಡೀತಾನೆ. ಆಯ್ತು ಅಂದನಲ್ಲ ಅಂತ ವಾರ್ಡಿನವರು ಹಾಗೇ ಎಬ್ಬಿಸಿಕೊಂಡು ಹೋಗ್ತಾರೆ. ಊಟಕ್ಕೂ ಅಷ್ಟೇ, ಮಲಗೋಕೂ ಅಷ್ಟೇ. ನಮಗೆಲ್ಲ ನಗು. ಮೊನ್ನೆ ಒಂದು ಸಲ ಮಾತ್ರ, ಕಿಟಕಿ ತೆಗೀಲಾ ಅಣ್ಣಾ ಅಂತ ಕೈ ಮುಂದೆ ಮಾಡಿದೆ, ಹಲ್ಲನ್ನ ಮೆತ್ತಗೆ ನನ್ನ ಅಂಗೈಲಿಟ್ಟ. ಆಟ ಆಡ್ತಿದ್ದಾನೆ ಅಂತ ವಾಪಸು ಕೊಟ್ಟೆ. ಕಿಟಕಿ ತೆಗೆಯೋದನ್ನೇ ಮರೆತೆ.

ನಿಮ್ಮ ಮೇಜು ಹೇಗಿದೆ?

ಗಿಲಕಿ

~

ಮೇ 9

(ಇದನ್ನು ಅವರ ಮುಂದೆ ಓದಬೇಡ.)

ಗಿಲಕಿ,

ಅದು ಆಟವಲ್ಲ.

ಊಟದ ಅನಾಹುತವಾದ ಮೇಲೆ ಮಾತಿನ ಡಾಕ್ಟರು, ಎಡಗೈಗೆ ಏನಾದರೂ ವಸ್ತು ಕೊಟ್ಟು ನೋಡಿ ಎಂದರು. ಮನೆಯಲ್ಲಿ ಕೈಗೆ ಸಿಕ್ಕಿದ್ದು ಆ ಹಲ್ಲು. ನಾನು ಅಂಗೈ ಚಾಚಿ ಕೇಳುವುದು, ಹೌದಾದರೆ ಅವರು ಹಲ್ಲನ್ನು ನನ್ನ ಕೈಗೆ ಕೊಡುವುದು, ಅಲ್ಲವಾದರೆ ಬಿಗಿಯಾಗಿ ಹಿಡಿದುಕೊಳ್ಳುವುದು. ಅವರು ಒಂದೇ ದಿನದಲ್ಲಿ ಕಲಿತರು. ಮೊದಲ ಸಂಜೆ ನಾವಿಬ್ಬರೂ ಏನೇನೋ ಕೇಳಿ ಹೇಳಿ ಕೂತಿದ್ದೆವು. ನನ್ನ ಅಡುಗೆಯಲ್ಲಿ ಉಪ್ಪು ಜಾಸ್ತಿಯಾ ಎಂದು ಕೇಳಿದ್ದಕ್ಕೆ ಎಷ್ಟು ಬೇಗ ಹಲ್ಲು ಕೊಟ್ಟರು ಗೊತ್ತಾ.

ಬಾಯಲ್ಲಿ ಆಯ್ತು ಅನ್ನುತ್ತಲೇ ಅವರು ನಿಮಗೆಲ್ಲ ಬೇಡ, ಬೇಡ ಎಂದು ಹೇಳುತ್ತಿದ್ದಾರೆ. ಒಂದು ತಿಂಗಳಿನಿಂದ.

ನಿನಗೆ ಏಕೆ ಹೇಳಲಿಲ್ಲ? ನನ್ನನ್ನು ನಾನೇ ಕೇಳಿಕೊಂಡೆ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಅಣ್ಣನ ಆಯ್ತು ನಂಗೆ ಗೊತ್ತು ಎಂದು ನೀನು ಬರೆದಿದ್ದೆಯಲ್ಲ, ಆ ಮಾತು ಒಳಗೆಲ್ಲೋ ಚುಚ್ಚಿಕೊಂಡಿತ್ತು. ಹಾಗಾದರೆ ನೀನೇ ತಿಳಿದುಕೋ ಎಂದುಕೊಂಡೆ. ನಮ್ಮಿಬ್ಬರ ನಡುವೆ ಉಳಿದಿದ್ದ ಒಂದೇ ಮಾತು ಅದು. ಅದನ್ನೂ ಸೂಟ್‌ಕೇಸಿಗೆ ಹಾಕಿ ನಿನ್ನ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಇನ್ನೊಂದಿದೆ. ಕೇಳಿದೆ, ಒಪ್ಪಿದರು ಎಂದು ಬರೆದಿದ್ದೆ. ನಾನು ಕೇಳಿದ್ದು, "ನಾನು ಮೇಸ್ತ್ರಿ ಮೇಜು ಒಪ್ಕೊಳ್ಳಲಾ?" ಎಂದು. ಹಲ್ಲು ಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದರು. ಗಿಲಕಿ ಹತ್ತಿರ ಹೋಗುತ್ತೀರಾ ಎಂದು ನಾನು ಕೇಳಲೇ ಇಲ್ಲ. ಒಂದಕ್ಕೆ ಹೌದೆಂದರೆ ಇನ್ನೊಂದಕ್ಕೂ ಹೌದೆಂದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಟೈಲರಮ್ಮ ಮಾಡಿದ್ದೂ ಇದನ್ನೇ ಅಲ್ಲವಾ. ಅವರಿಗೆ ಗೊತ್ತಿಲ್ಲದೆ ಆಯಿತು, ನನಗೆ ಗೊತ್ತಿದ್ದೂ ಆಯಿತು.

ಈಗ ನೀನು ಕೇಳು. ಅಂಗೈ ಚಾಚಿ, ನಿಧಾನವಾಗಿ ಕೇಳು. ಬಾಯಿಗೆ ಕಿವಿ ಕೊಡಬೇಡ, ಕೈ ನೋಡು. ಅವರಿಗೆ ಏನು ಬೇಕೆಂದು ಕೇಳಿ ನನಗೆ ಬರೆ. ಏನಿದ್ದರೂ ಹಾಗೆಯೇ ಬರೆ.

ಅತ್ತಿಗೆ

~

ಮೇ 16

ಅತ್ತಿಗೆ,

ನಿಮ್ಮ ಕಾಗದ ಓದಿ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ಅವನನ್ನ ನೋಡಿ ನಾವು ನಗ್ತಿದ್ವಿ ಅತ್ತಿಗೆ. ನಾನೂ ನಗ್ತಿದ್ದೆ. ಒಂದೇ ತಟ್ಟೇಲಿ ಉಂಡೋಳು.

ಡ್ಯೂಟಿ ಮುಗಿಸಿ ಹೋಗಿ ಎದುರಿಗೆ ಕೂತು ಅಂಗೈ ಚಾಚಿದೆ. ಅತ್ತಿಗೆ ಹಲ್ಲಿನ ವಿಷಯ ಹೇಳಿದ್ರು ಕಣೋ ಅಂದೆ. ನನ್ನ ಮುಖಾನೇ ನೋಡಿದ. ಅವನ ಕಣ್ಣಲ್ಲಿ ನೀರು ಬಂತು, ಸ್ಟ್ರೋಕ್ ಆದವರಿಗೆ ಸುಮ್ಮನೆ ಬರುತ್ತೆ ಅಂತ ನಮಗೆ ಕಲಿಸಿದ್ದಾರೆ, ಇದು ಆ ಥರದ್ದಲ್ಲ.

ಮನೆಗೆ ಹೋಗ್ಬೇಕಾ ಅಣ್ಣಾ ಅಂದೆ. ನಾನು ಮಾತು ಮುಗಿಸೋದ್ರೊಳಗೆ ಹಲ್ಲು ನನ್ನ ಕೈಲಿತ್ತು. ಬೆವರಿಗೆ ಒದ್ದೆಯಾಗಿತ್ತು.

ವಾಪಸು ಕೊಟ್ಟು ಇನ್ನೊಂದು ಕೇಳಿದೆ. ಅತ್ತಿಗೆಗೆ ಮೇಜು ಬಿಟ್ಟು ಬನ್ನಿ ಅಂತ ಬರೀಲಾ? ಮುಷ್ಟಿ ಬಿಗಿ ಹಿಡಿದ. ಸರಿಯಾಗಿ ಕೇಳಿಸ್ಲಿಲ್ವೇನೋ ಅಂತ ಮತ್ತೆ ಕೇಳಿದೆ. ಕೈಯನ್ನ ಎದೆಗೆ ಒತ್ತಿಕೊಂಡ, ನಾನೇನೋ ಕಿತ್ಕೊಳ್ತೀನಿ ಅನ್ನೋ ಹಾಗೆ.

ಎರಡೂ ಬರೆದಿದೀನಿ. ಯಾವುದನ್ನ ಕೇಳಿಸ್ಕೋಬೇಕೋ ನಂಗೆ ತಿಳೀತಿಲ್ಲ.

ನಾನೂ ಒಂದು ಹೇಳ್ಬೇಕು. ತಿಂಗಳ ಕೊನೆಗೆ ಹಾಸಿಗೆ ಖಾಲಿಯಾಗುತ್ತೆ ಅಂತ ಬರೆದಿದ್ದೆ. ಅದು ದಿನಾ ನಂಗೆ ಧೈರ್ಯ ಹೇಳ್ತಿದ್ದ ತಾತನ ಹಾಸಿಗೆ. ಡಾಕ್ಟರು ಇನ್ನು ಕೆಲವೇ ದಿನ ಅಂದಿದ್ರು. ಅವರಿಗೆ ಗಂಜಿ ಕುಡಿಸ್ತಾ, ಅಣ್ಣನಿಗೆ ಬೆಳಕು ಚೆನ್ನಾಗಿ ಬರುತ್ತೆ ಅಂತ ಕಿಟಕಿ ನೋಡ್ತಿದ್ದೆ.

ಗಿಲಕಿ

~

ಮೇ 24

(ಮಡಿಸಿದ ಭಾಗ ನಿನಗೆ.)

ಗಿಲಕಿ, ತಾತನಿಗೆ ಗಂಜಿ ಕುಡಿಸಿದವಳು ನೀನು. ಅದನ್ನೂ ಜೊತೆಗೆ ನೆನಪಿಟ್ಟುಕೋ.

ಯಜಮಾನರ ಹತ್ತಿರ ಮಾತಾಡಿದೆ. ಮೇಜು ಪಾಲಿಶಿನ ಹುಡುಗಿಗೆ ಹೋಗುತ್ತದೆ. ಚುರುಕು ಕೈ, ಮೇಸ್ತ್ರಿಗೂ ಒಪ್ಪಿಗೆ. ಬಿಡಿ ಸೆಟ್ಟುಗಳಿಗೆ ಮೇಣ ಹಾಕುವ ಕೆಲಸವನ್ನು ಮನೆಗೆ ಕಳಿಸುತ್ತಾರಂತೆ, ಇದ್ದಾಗ. ಹಲ್ಲು ಜೋಡಿಸುವುದು ಅವಳದೇ. "ಯೋಚನೆ ಮಾಡಿದ್ಯೇನಮ್ಮ?" ಎಂದು ಯಜಮಾನರು ಕೇಳಿದರು. ಆಯ್ತು ಸರ್ ಅಂದೆ. ಯಾವ ಆಯ್ತು ಎಂದು ಅವರು ಕೇಳಲಿಲ್ಲ.

ಹೊರಡುವ ಮುಂಚೆ ನಾನು ಜೋಡಿಸಿದ್ದ ಕೊನೆಯ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದ್ದೆ. ಯಾರೋ ಒಬ್ಬರು ಅದನ್ನು ಹಾಕಿಕೊಂಡು ಊರೆಲ್ಲ ನಗುತ್ತಾರೆ, ಅವರು ಎದುರಿಗೇ ಸಿಕ್ಕರೂ ನನಗೆ ಗುರುತಾಗುವುದಿಲ್ಲ. ಬಸ್ಸಿನಲ್ಲಿ ಅತ್ತೆ. ನಿಮ್ಮಣ್ಣನಿಗಾಗಿ ಅಲ್ಲ, ನನಗಾಗಿ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಅವರು ಎದೆಗೆ ಒತ್ತಿ ಹಿಡಿದು ಬೇಡವೆಂದದ್ದನ್ನೇ ನಾನು ಮಾಡುತ್ತಿದ್ದೇನೆ. ಎರಡನ್ನೂ ನಡೆಸಿಕೊಡುವ ದಾರಿ ಹುಡುಕಿದೆ, ನನಗೆ ಕಾಣಲಿಲ್ಲ.

ಇನ್ನು ಮುಂದಿನದನ್ನು ಅವರ ಮುಂದೆ ಕೂತು, ಗಟ್ಟಿಯಾಗಿ, ನನ್ನ ದನಿಯ ಹಾಗೆ ಓದು. ಅಂಗೈ ಚಾಚಬೇಡ.

ರೀ,

ಕೇಳಿಸ್ತಿದೆಯಾ? ಶನಿವಾರ ಬೆಳಿಗ್ಗೆ ಬರ್ತೀನಿ. ನೀಲಿ ಹೊದಿಕೆ ಮಡಿಸಿ ಇಡೋಕೆ ಗಿಲಕಿಗೆ ಹೇಳಿದೀನಿ. ಇಬ್ಬರೂ ಮನೆಗೆ ಹೋಗೋಣ. ನಾನು ನಿಮ್ಮನ್ನ ಕೇಳ್ತಿಲ್ಲ, ಹೇಳ್ತಿದೀನಿ, ಅದಕ್ಕೇ ಮುಷ್ಟಿ ಸಡಿಲ ಬಿಡಿ, ಬೆರಳು ನೋಯುತ್ತೆ. ಮೇಜಿನ ವಿಷಯ ದಾರೀಲಿ ಹೇಳ್ತೀನಿ.

ಮನೇಲಿ ಒಂದೊಂದು ದಿನ ನಿಮ್ಮ ಮೇಲೆ ರೇಗ್ತೀನಿ. ಖಂಡಿತ ರೇಗ್ತೀನಿ, ಯಾಕೆ ಅಂತ ನಿಮಗೂ ಗೊತ್ತಿರುತ್ತೆ. ಆವಾಗ ಹಲ್ಲು ಗಿಲ್ಲು ಏನೂ ಬೇಡ. ಬಾಯಲ್ಲೇ ಆಯ್ತು ಅನ್ನಿ.